ದ್ರವ ಸಂಗ್ರಹಣೆಗೆ ಉಷ್ಣನಿರೋಧಕ ಜೋಡಣಾ ಫಲಕಗಳು: ಬಾರಾಮತಿಯ ಹಿನ್ನೆಲೆಯಲ್ಲಿ

ಪುಣೆ ಜಿಲ್ಲೆಯ ಆಗ್ನೇಯ ಭಾಗದಲ್ಲಿ, ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಬಾರಾಮತಿ ತಾಲ್ಲೂಕು ಒಂದೇ ಹೆಸರಿನಡಿ ಇರುವ ಎರಡು ನಾಡುಗಳಂತೆ ಕಾಣುತ್ತದೆ. ದಕ್ಷಿಣದಲ್ಲಿ ನೀರಾ ನದಿಯ ಎಡದಂಡೆ ಕಾಲುವೆಯ ನೀರು ಹರಿಯುವ ಬಾಗಾಯತ್ ಭೂಮಿಯಿದೆ. ಅಲ್ಲಿ ಕಬ್ಬು ನಳನಳಿಸುತ್ತದೆ. ಉತ್ತರದಲ್ಲಿ ಸುಪೆ, ಮೋರ್‌ಗಾಂವ್‌ಗಳ ಕಡೆಗೆ ಹೋದಂತೆ ಮಳೆಯನ್ನೇ ನಂಬಿದ ಜಿರಾಯತ್ ಭೂಮಿ. ಅಲ್ಲಿ ಜೋಳ, ಸಜ್ಜೆ ಮತ್ತು ಮುಗಿಲ ಕಡೆಗಿನ ನೋಟ. ಕನ್ನಡ ನಾಡಿನ ಹಿರಿಯರು ಧಾತು–ಈಶ್ವರ ಸಂವತ್ಸರಗಳ ಬರವೆಂದು ಸ್ಮರಿಸುವ 1876–78ರ ಮಹಾಕ್ಷಾಮದ ತರುವಾಯ, 1880ರ ದಶಕದಲ್ಲಿ ಈ ಕಾಲುವೆ ನಿರ್ಮಾಣಗೊಂಡಿತು. ಅದೇ ನೀರಾ ನದಿ ಮುಂದೆ ಭೀಮೆಯನ್ನು ಕೂಡುತ್ತದೆ. ಭೀಮೆ ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ಹಾದು ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುತ್ತದೆ. ಹೀಗಾಗಿ ಬಾರಾಮತಿಯ ನೀರಿನ ಕಥೆ ಕನ್ನಡಿಗರಿಗೆ ಪರಕೀಯವಾದುದಲ್ಲ.

ಇಂತಹ ಪ್ರದೇಶದಲ್ಲಿ ಜನಜೀವನವೆಲ್ಲ ದ್ರವಗಳನ್ನು ಹಿಡಿದಿಡುವ ಕಾರ್ಯದ ಸುತ್ತಲೇ ನಡೆಯುತ್ತದೆಂದರೆ ಅತಿಶಯೋಕ್ತಿಯಾಗದು. ಕಾಲುವೆಯಲ್ಲಿ ನೀರು ಬಿಟ್ಟ ದಿನಗಳಲ್ಲಿ ಅದನ್ನು ಹಿಡಿದಿಡಬೇಕು, ಬಿಡದ ದಿನಗಳಲ್ಲಿ ಅದನ್ನೇ ಬಳಸಬೇಕು. ಹಸು, ಎಮ್ಮೆಗಳ ಹಾಲನ್ನು ಬೆಳಿಗ್ಗೆ–ಸಂಜೆ ಕರೆದು, ಕೆಡುವುದರೊಳಗೆ ತಣಿಸಬೇಕು. ಮಾಳೇಗಾಂವ್ ಹಾಗೂ ಸೋಮೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ತಿಂಗಳುಗಟ್ಟಲೆ ಸಂಗ್ರಹಿಸಬೇಕು. ಕೈಗಾರಿಕಾ ವಸಾಹತಿನಲ್ಲಿ ಚೀಸ್, ಹಾಲಿನ ಪುಡಿ ತಯಾರಿಸುವ ದೊಡ್ಡ ಡೇರಿಯಿದೆ. ಡೈನಮಿಕ್ಸ್ ಎಂಬ ಹೆಸರಿನಿಂದ ಆರಂಭವಾದ ಆ ಘಟಕ ಇಂದು ಶ್ರೈಬರ್ ಡೈನಮಿಕ್ಸ್ ಎಂದು ಪರಿಚಿತವಾಗಿದೆ. ಮಾಳೇಗಾಂವ್‌ನಲ್ಲಿಯೇ 2009ರಲ್ಲಿ ಕೇಂದ್ರ ಸರಕಾರವು ಬರ, ಬಿಸಿ, ಕ್ಷಾರ ಮುಂತಾದ ಅಜೈವಿಕ ಒತ್ತಡಗಳನ್ನು ಕುರಿತು ಸಂಶೋಧಿಸುವ ರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸಿತು. ಆ ಸಂಸ್ಥೆಗೆ ಈ ಸ್ಥಳವನ್ನು ಆರಿಸಿದ್ದರ ಔಚಿತ್ಯವನ್ನು ಅಲ್ಲಿನ ಏಪ್ರಿಲ್ ತಿಂಗಳ ಮಧ್ಯಾಹ್ನವೊಂದು ಯಾರಿಗಾದರೂ ಮನಗಾಣಿಸೀತು.

ನೀರು, ಹಾಲು, ಕಾಕಂಬಿ ಮೂರೂ ದ್ರವಗಳೇ. ಆದರೆ ಇವನ್ನು ಇಡುವ ಪಾತ್ರೆ ಒಂದೇ ಆಗಲಾರದು. ಈ ಸರಳ ಸಂಗತಿಯನ್ನು ಮರೆತಲ್ಲಿ ಏನಾಗುತ್ತದೆಂಬುದನ್ನು ಮುಂದೆ ನೋಡಬಹುದು. ಮೊದಲಿಗೆ ತೊಟ್ಟಿಯನ್ನು ತುಂಡುಗಳಾಗಿ ಮಾಡಿ ಜೋಡಿಸುವ ವಿಧಾನವು ಏಕೆ ಬಂದಿತೆಂಬುದನ್ನು ತಿಳಿಯುವುದು ಉಚಿತ.

ದೊಡ್ಡ ತೊಟ್ಟಿಯನ್ನು ಕಾರ್ಖಾನೆಯಲ್ಲಿಯೇ ಇಡಿಯಾಗಿ ತಯಾರಿಸಿದರೆ ಅದನ್ನು ಸಾಗಿಸುವುದು ಕಷ್ಟ. ಲಾರಿಯ ಅಗಲ, ಸೇತುವೆಯ ಎತ್ತರ, ಹಳ್ಳಿಯ ಓಣಿಯ ತಿರುವು ಇವೆಲ್ಲ ಅಡ್ಡಬರುತ್ತವೆ. ಕಾಂಕ್ರೀಟಿನಲ್ಲಿ ಸ್ಥಳದಲ್ಲಿಯೇ ಕಟ್ಟುವುದಾದರೆ ಅಚ್ಚು ಕಟ್ಟಿ, ಸುರಿದು, ವಾರಗಟ್ಟಲೆ ನೀರುಣಿಸಬೇಕು. ನೀರಿನ ಅಭಾವವಿದ್ದಲ್ಲಿ ತೊಟ್ಟಿ ಕಟ್ಟಲೆಂದೇ ನೀರು ತರಿಸಬೇಕಾಗುವ ವಿಪರ್ಯಾಸವೂ ಉಂಟು. ಇದಕ್ಕೆ ಪರಿಹಾರವಾಗಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೇತ್‌ವೇಟ್ ಸಂಸ್ಥೆಯು ಒತ್ತಿ ರೂಪಿಸಿದ ಉಕ್ಕಿನ ಚೌಕಾಕಾರದ ಫಲಕಗಳನ್ನು ಬೋಲ್ಟುಗಳಿಂದ ಜೋಡಿಸುವ ತೊಟ್ಟಿಯನ್ನು ಬಳಕೆಗೆ ತಂದಿತು. ಅದರ ಭಾರತೀಯ ಶಾಖೆ 1913ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಗಿ, 1976ರಲ್ಲಿ ಕೇಂದ್ರ ಸರಕಾರದ ಒಡೆತನಕ್ಕೆ ಬಂದಿತು. ರೈಲು ನಿಲ್ದಾಣಗಳ ಬಳಿ ಎತ್ತರವಾದ ಉಕ್ಕಿನ ಕಾಲುಗಳ ಮೇಲೆ ನಿಂತ, ಮೈತುಂಬ ಉಬ್ಬು ಚೌಕಗಳಿರುವ ಹಳೆಯ ನೀರಿನ ತೊಟ್ಟಿಗಳನ್ನು ಕಾಣದವರು ವಿರಳ. ಉಗಿಯಂತ್ರಗಳ ದಾಹವನ್ನು ತಣಿಸಿದ ಆ ತೊಟ್ಟಿಗಳು ಈ ಬಗೆಯವು. ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದೇ ಅಳತೆಯ ಫಲಕದಿಂದ ಸಣ್ಣ ತೊಟ್ಟಿಯನ್ನೂ ಕಟ್ಟಬಹುದು, ದೊಡ್ಡದನ್ನೂ ಕಟ್ಟಬಹುದು. ಬೇಡವಾದಾಗ ಬಿಚ್ಚಿ ಬೇರೆಡೆಗೆ ಒಯ್ಯಬಹುದು.

ಆ ಚೌಕಗಳ ಮೇಲಿನ ಉಬ್ಬು ಕೇವಲ ಅಲಂಕಾರವೆಂದು ಹಲವರು ಭಾವಿಸುತ್ತಾರೆ. ಅದು ಹಾಗಲ್ಲ. ಒಂದು ಹಾಳೆ ಕಾಗದವನ್ನು ಅಂಚಿನಲ್ಲಿ ಹಿಡಿದರೆ ಅದು ಬಾಗಿ ಬೀಳುತ್ತದೆ. ಅದನ್ನೇ ಮಡಿಕೆಮಡಿಕೆಯಾಗಿ ಮಡಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಹಂಚಿನ ಮನೆಯ ಮಾಡಿಗೆ ಹೊದಿಸುವ ಸತುವಿನ ತಗಡಿನ ಅಲೆಗಳೂ ಇದೇ ತತ್ತ್ವದವು. ಸಪಾಟಾದ ತೆಳು ಫಲಕದ ಮೇಲೆ ನೀರಿನ ಒತ್ತಡ ಬಿದ್ದಾಗ ಅದು ಹೊರಕ್ಕೆ ಉಬ್ಬಿ, ಅಂಚಿನ ಜೋಡಣೆಯನ್ನು ತಿರುಚಿ ಬಾಯಿ ತೆರೆಯುವಂತೆ ಮಾಡುತ್ತದೆ. ಫಲಕಕ್ಕೆ ಮೊದಲೇ ಉಬ್ಬನ್ನೂ ಏಣುಗಳನ್ನೂ ಕೊಟ್ಟರೆ ಅಷ್ಟೇ ಲೋಹದಲ್ಲಿ ಎಷ್ಟೋ ಪಟ್ಟು ಬಿಗುವು ದೊರೆಯುತ್ತದೆ.

ಇನ್ನು ಒತ್ತಡದ ಲೆಕ್ಕ. ನೀರು ಒಂದು ಮೀಟರು ಆಳಕ್ಕೆ ಪ್ರತಿ ಚದರ ಮೀಟರಿನ ಮೇಲೆ ಸುಮಾರು ಒಂದು ಟನ್ ಭಾರದಷ್ಟು ಒತ್ತುತ್ತದೆ. ತೊಟ್ಟಿ ಎಷ್ಟು ಅಗಲವೆಂಬುದು ಇಲ್ಲಿ ಮುಖ್ಯವಲ್ಲ, ಎಷ್ಟು ಆಳವೆಂಬುದೇ ಮುಖ್ಯ. ಒಂದು ಮೀಟರು ಚೌಕದ ಫಲಕಗಳನ್ನು ಮೂರು ಸಾಲಾಗಿ ಏರಿಸಿ ಮೂರು ಮೀಟರು ಎತ್ತರದ ತೊಟ್ಟಿ ಕಟ್ಟಿದಾಗ, ತುಂಬಿದ ತೊಟ್ಟಿಯ ಮೇಲಿನ ಸಾಲಿನ ಪ್ರತಿ ಫಲಕದ ಮೇಲೆ ಅರ್ಧ ಟನ್, ನಡುವಿನ ಸಾಲಿನಲ್ಲಿ ಒಂದೂವರೆ ಟನ್, ಕೆಳಗಿನ ಸಾಲಿನಲ್ಲಿ ಎರಡೂವರೆ ಟನ್ ಬಲ ಬೀಳುತ್ತದೆ. ಹೊರನೋಟಕ್ಕೆ ಒಂದೇ ರೀತಿ ಕಾಣುವ ಮೂರು ಫಲಕಗಳಲ್ಲಿ ಕೆಳಗಿನದು ಮೇಲಿನದಕ್ಕಿಂತ ಐದು ಪಟ್ಟು ಹೊರೆಯನ್ನು ಹೊರುತ್ತಿರುತ್ತದೆ. ಆದುದರಿಂದ ತಯಾರಕರು ಸಾಲಿಗೆ ತಕ್ಕಂತೆ ಫಲಕದ ದಪ್ಪವನ್ನು ಬದಲಿಸುತ್ತಾರೆ. ಜೋಡಿಸುವವನು ಅವಸರದಲ್ಲಿ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿದರೆ ತೊಟ್ಟಿ ಆ ದಿನ ಸೋರದಿರಬಹುದು, ಆ ವರ್ಷವೂ ಸೋರದಿರಬಹುದು. ದಪ್ಪದ ಗುರುತನ್ನು ಫಲಕದ ಮೇಲೆಯೇ ಅಳಿಯದಂತೆ ಒತ್ತುವುದು ವಿನ್ಯಾಸಕನ ಕರ್ತವ್ಯ. ಕಾಗದದ ನಕ್ಷೆ ತೊಟ್ಟಿಯ ಜೊತೆಗೆ ಹಳ್ಳಿಯನ್ನು ತಲುಪಿಯೇ ತೀರುತ್ತದೆಂದು ನಂಬುವುದು ಸರಿಯಲ್ಲ.

ಎದುರುಬದುರಿನ ಎರಡು ಗೋಡೆಗಳೂ ಹೊರಕ್ಕೆ ತಳ್ಳಲ್ಪಡುವುದರಿಂದ ತೊಟ್ಟಿಯ ಒಳಗೆ ಅಡ್ಡಲಾಗಿ ಉಕ್ಕಿನ ಸರಳುಗಳನ್ನು ಬಿಗಿದು ಒಂದರ ಬಲವನ್ನು ಇನ್ನೊಂದಕ್ಕೆ ಕೊಡುವುದುಂಟು. ಸರಳುಗಳು ಅಗ್ಗ, ಆದರೆ ನೀರಿನೊಳಗೆ ಸದಾ ಮುಳುಗಿರುವುದರಿಂದ ತುಕ್ಕು ಹಿಡಿಯದ ಲೋಹದವೇ ಆಗಿರಬೇಕು, ಒಳಗಿಳಿದು ತೊಳೆಯುವವನಿಗೆ ಅಡ್ಡಿಯೂ ಹೌದು. ಹೊರಗಿನಿಂದ ತೊಲೆಗಳ ಆಧಾರ ಕೊಡುವುದು ದುಬಾರಿಯಾದರೂ ಕುಡಿಯುವ ನೀರಿನ ತೊಟ್ಟಿಗೆ ಅದೇ ಮೇಲು.

ಉಕ್ಕಿನ ನಂತರ ಬಂದುದು ಗಾಜಿನ ನಾರಿನಿಂದ ಬಲಪಡಿಸಿದ ಪ್ಲಾಸ್ಟಿಕ್ ಫಲಕ. ಪಾಲಿಯೆಸ್ಟರ್ ರಾಳ ಮತ್ತು ಗಾಜಿನ ನಾರನ್ನು ಕಲೆಸಿದ ಹಾಳೆಯನ್ನು ಕಾದ ಲೋಹದ ಅಚ್ಚಿನಲ್ಲಿಟ್ಟು, ಭಾರಿ ಒತ್ತುಯಂತ್ರದಿಂದ ಒತ್ತಿದಾಗ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾದ ಫಲಕ ಸಿದ್ಧವಾಗುತ್ತದೆ. ಭಾರತೀಯ ಮಾನಕ ಬ್ಯೂರೋ ಈ ಬಗೆಯ ಫಲಕಗಳಿಗೆ 1996ರಲ್ಲಿ ಐಎಸ್ 14399 ಎಂಬ ಮಾನಕವನ್ನು ಪ್ರಕಟಿಸಿತು. ತುಕ್ಕು ಹಿಡಿಯದು, ಹಗುರ, ಇಬ್ಬರು ಹೊತ್ತು ಮಹಡಿಯ ಮೆಟ್ಟಿಲೇರಬಲ್ಲರು. ಆದರೆ ರಾಳ ಪೂರ್ಣವಾಗಿ ಬೆಂದಿರಬೇಕು. ಅರೆಬೆಂದ ರಾಳದಿಂದ ಸ್ಟೈರೀನ್ ಎಂಬ ದ್ರವ್ಯ ನೀರಿಗೆ ಬಿಟ್ಟುಕೊಂಡು ಕಟುವಾಸನೆ ಬರುತ್ತದೆ. ಹೊಸ ತೊಟ್ಟಿಯ ನೀರಿನಲ್ಲಿ ಬಣ್ಣದ ಅಂಗಡಿಯ ವಾಸನೆ ಬಂದರೆ ಅದನ್ನು ಹೊಸತನದ ಲಕ್ಷಣವೆಂದು ಸಹಿಸಿಕೊಳ್ಳತಕ್ಕದ್ದಲ್ಲ. ಬೆಳಕು ಒಳನುಸುಳುವಷ್ಟು ತೆಳುವಾದ ಫಲಕದೊಳಗೆ ಪಾಚಿ ಬೆಳೆಯುವುದೆಂಬುದನ್ನೂ ಗಮನದಲ್ಲಿಡಬೇಕು.

ಈಗ ಉಷ್ಣನಿರೋಧದ ವಿಷಯಕ್ಕೆ ಬರಬಹುದು. ಬಿಸಿಯನ್ನೂ ತೇವವನ್ನೂ ಹೊರಗಿಡುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಹಗೇವುಗಳಲ್ಲಿ ನೆಲದೊಳಗೆ ಜೋಳವನ್ನು ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಮೇಲಿನ ಬಿಸಿಲು ಆಳದ ಮಣ್ಣನ್ನು ತಲುಪದು, ಮುಚ್ಚಿದ ಬಾಯಿಯಿಂದ ಗಾಳಿಯೂ ಆಡದು. ಉಷ್ಣನಿರೋಧ ಮತ್ತು ಗಾಳಿಭದ್ರತೆ, ಇವೆರಡೂ ಒಂದಕ್ಕೊಂದು ಆಸರೆಯಾಗಿದ್ದವು. ಆಧುನಿಕ ಫಲಕದಲ್ಲಿಯೂ ಇವೆರಡನ್ನು ಬೇರ್ಪಡಿಸಲು ಬಾರದು.

ಹಾಲಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಕೆಚ್ಚಲಿನಿಂದ ಬಂದ ಹಾಲು ಸುಮಾರು 37–38 ಡಿಗ್ರಿ ಸೆಲ್ಸಿಯಸ್ ಬಿಸಿಯಿರುತ್ತದೆ. ಸೂಕ್ಷ್ಮಜೀವಿಗಳಿಗೆ ಅದಕ್ಕಿಂತ ಹಿತವಾದ ನೆಲೆಯಿಲ್ಲ. ಅವು ಅರ್ಧ ಗಂಟೆಗೊಮ್ಮೆ ಇಮ್ಮಡಿಸುವುದಾದರೆ ಐದು ಗಂಟೆಗಳಲ್ಲಿ ಒಂದಕ್ಕೆ ಸಾವಿರವಾಗುತ್ತವೆ. 4 ಡಿಗ್ರಿಗೆ ತಣಿಸಿದರೆ ಬಹುಪಾಲು ಜೀವಿಗಳ ವೃದ್ಧಿ ನಿಂತಂತೆಯೇ. ಹಾಲು ಹುಳಿತು ಕೇಂದ್ರದಲ್ಲಿ ತಿರಸ್ಕೃತವಾದರೆ ನಷ್ಟವು ಯಂತ್ರ ಮಾರಿದವನದಲ್ಲ. ನಸುಕಿನಲ್ಲೆದ್ದು ಹಿಂಡಿ ಹಾಕಿ, ಹಾಲು ಕರೆದು, ಕ್ಯಾನು ಹೊತ್ತು ತಂದ ಹೆಣ್ಣುಮಗಳದು. ಬಾರಾಮತಿಯ ಜಿರಾಯತ್ ಹಳ್ಳಿಗಳಲ್ಲಾಗಲಿ, ನಮ್ಮ ವಿಜಯಪುರ, ಕಲಬುರಗಿಗಳ ಬಯಲಿನಲ್ಲಾಗಲಿ ಬೆಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಆ ಹಾಲೇ.

ಹಾಗಾದರೆ ಹಾಲನ್ನು ಜೋಡಣಾ ಫಲಕಗಳ ತೊಟ್ಟಿಯಲ್ಲಿ ಇಡಬಹುದೇ? ಇಡಬಾರದು. ಹಾಲಿನ ಕೊಬ್ಬು ಮತ್ತು ಪ್ರೋಟೀನು ಎಳ್ಳಿನಷ್ಟು ಸಂದು ಸಿಕ್ಕರೂ ಅಲ್ಲಿ ಕುಳಿತು ಕೊಳೆಯುತ್ತವೆ. ಎಷ್ಟು ತೊಳೆದರೂ ಜೋಡಣೆಯ ರಬ್ಬರಿನ ಹಿಂದೆ ನೀರು ತಲುಪದು. ಆದುದರಿಂದ ಹಾಲು ತಾಗುವ ಒಳಪಾತ್ರೆಯು ತುಕ್ಕುರಹಿತ ಉಕ್ಕಿನಲ್ಲಿ ಬೆಸೆದು, ಬೆಸುಗೆಯ ಗೆರೆಯೂ ಕೈಗೆ ತಾಗದಂತೆ ಉಜ್ಜಿದ ಒಂದೇ ಮೈಯದಾಗಿರಬೇಕು. ಡೇರಿಯಲ್ಲಿ ಜೋಡಣಾ ಫಲಕಗಳಿಗೆ ಸ್ಥಾನವಿರುವುದು ಹಾಲಿನ ಸುತ್ತಮುತ್ತ: ಹಾಲನ್ನು ತಣಿಸಲು ಬೇಕಾದ ಶೀತಲ ಜಲದ ತೊಟ್ಟಿ, ಮಂಜುಗಡ್ಡೆಯ ತೊಟ್ಟಿ, ಕುಡಿಯುವ ನೀರಿನ ಸಂಗ್ರಹ, ತೊಳೆಯಲು ಬೇಕಾದ ಬಿಸಿನೀರಿನ ಸಂಗ್ರಹ. ಇವುಗಳ ಪ್ರಮಾಣ ಸಣ್ಣದಲ್ಲ. ಹತ್ತು ಸಾವಿರ ಲೀಟರು ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಶಾಖವು ಮೂರೂಮುಕ್ಕಾಲು ಟನ್ ಮಂಜುಗಡ್ಡೆಯನ್ನು ಕರಗಿಸಬಲ್ಲದು. ವಿದ್ಯುತ್ತು ಇರುವ ಹೊತ್ತಿನಲ್ಲಿ ಮಂಜುಗಡ್ಡೆ ಕಟ್ಟಿಸಿಟ್ಟು, ಹಾಲು ಬರುವ ಹೊತ್ತಿನಲ್ಲಿ ಅದನ್ನು ಬಳಸುವುದು ವಾಡಿಕೆ. ನಡುವಿನ ತಾಸುಗಳಲ್ಲಿ ಆ ತಂಪನ್ನು ಕಾಯುವುದು ತೊಟ್ಟಿಯ ಗೋಡೆ.

ಅದು ಎಷ್ಟರ ಮಟ್ಟಿಗೆ ಕಾಯಬಲ್ಲದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಎರಡೂವರೆ ಮೀಟರು ಉದ್ದ, ಎರಡು ಮೀಟರು ಅಗಲ, ಎರಡು ಮೀಟರು ಎತ್ತರದ ತೊಟ್ಟಿ ಹತ್ತು ಸಾವಿರ ಲೀಟರು ನೀರನ್ನು ಹಿಡಿಯುತ್ತದೆ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 28 ಚದರ ಮೀಟರು. ಒಳಗಿನ ನೀರು 4 ಡಿಗ್ರಿ, ಹೊರಗಿನ ಗಾಳಿ 35 ಡಿಗ್ರಿ ಇರಲಿ. ತೊಟ್ಟಿ ನೆರಳಿನಲ್ಲಿಯೇ ಇರಲಿ. ಬರಿಯ ಉಕ್ಕಿನ ತಗಡಿನ ಗೋಡೆಯಾದರೆ ಹನ್ನೆರಡು ಗಂಟೆಗಳಲ್ಲಿ ನೀರು ಸುಮಾರು ಏಳು ಡಿಗ್ರಿ ಬಿಸಿಯೇರುತ್ತದೆ. ಗೋಡೆಗೆ ಐದು ಸೆಂಟಿಮೀಟರು ದಪ್ಪದ ಪಾಲಿಯುರಿಥೇನ್ ನೊರೆಯ ಹೊದಿಕೆಯಿದ್ದರೆ ಅದೇ ಹನ್ನೆರಡು ಗಂಟೆಗಳಲ್ಲಿ ಅರ್ಧ ಡಿಗ್ರಿಯೂ ಏರದು. ಈ ನೊರೆಯಲ್ಲಿ ಘನವಸ್ತು ಕಡಿಮೆ. ಕೋಟ್ಯಂತರ ಮುಚ್ಚಿದ ಸೂಕ್ಷ್ಮ ಕೋಶಗಳು, ಅವುಗಳೊಳಗೆ ಸೆರೆಯಾದ ಅನಿಲ. ಶಾಖವನ್ನು ತಡೆಯುವುದು ಆ ಅನಿಲ. ರಾಳವು ಅದನ್ನು ಅಲುಗಾಡದಂತೆ ಹಿಡಿದಿಡುವ ಕೆಲಸವನ್ನಷ್ಟೇ ಮಾಡುತ್ತದೆ.

ಆ ಅನಿಲಕ್ಕೂ ಒಂದು ಇತಿಹಾಸವಿದೆ. ಮೊದಲಿಗೆ ಬಳಕೆಯಲ್ಲಿದ್ದ ಸಿಎಫ್‌ಸಿ ಅನಿಲವು ಭೂಮಿಯ ಓಝೋನ್ ಪದರವನ್ನು ಕೆಡಿಸುತ್ತದೆಂದು ತಿಳಿದ ಮೇಲೆ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. 2010ರ ಆರಂಭದ ವೇಳೆಗೆ ಸಿಎಫ್‌ಸಿಯನ್ನೂ, 2020ರ ಜನವರಿ 1ರಿಂದ ಅದರ ಬದಲಿಗೆ ಬಂದಿದ್ದ ಎಚ್‌ಸಿಎಫ್‌ಸಿ–141ಬಿಯನ್ನೂ ಕೈಬಿಟ್ಟಿತು. ಈಗ ಸೈಕ್ಲೋಪೆಂಟೇನ್ ಮುಂತಾದವು ಬಳಕೆಯಲ್ಲಿವೆ. ನೊರೆಯು ಉರಿಯುವ ವಸ್ತುವೆಂಬುದೂ, ಉರಿದಾಗ ವಿಷದ ಹೊಗೆ ಏಳುವುದೆಂಬುದೂ ತಿಳಿದಿರಬೇಕು. ಜೋಡಿಸಿದ ತೊಟ್ಟಿಯ ಪಕ್ಕದಲ್ಲಿ ಬೆಸುಗೆ ಕೆಲಸ ಇಟ್ಟುಕೊಳ್ಳುವುದು ಅಪಾಯಕರ.

ಮೇಲಿನ ಲೆಕ್ಕದಲ್ಲಿ ಒಂದು ಮೋಸವಿದೆ. ಅದು ಫಲಕದ ನಡುಭಾಗದ ಲೆಕ್ಕವೇ ಹೊರತು ಜೋಡಣೆಯ ಲೆಕ್ಕವಲ್ಲ. ಫಲಕಗಳನ್ನು ಕೂಡಿಸಲು ಬೋಲ್ಟುಗಳು ಬೇಕು. ಸಾಧಾರಣ ಉಕ್ಕು ಶಾಖವನ್ನು ಈ ನೊರೆಗಿಂತ ಎರಡು ಸಾವಿರ ಪಟ್ಟು ಸುಲಭವಾಗಿ ಸಾಗಿಸುತ್ತದೆ. ಹತ್ತು ಮಿಲಿಮೀಟರು ದಪ್ಪದ ಬೋಲ್ಟು ಐದು ಸೆಂಟಿಮೀಟರು ನೊರೆಯನ್ನು ಹಾದು ಒಳಗಿನಿಂದ ಹೊರಗೆ ಬಂದಿದೆಯೆನ್ನೋಣ. ಅಂತಹ ಆರು ಬೋಲ್ಟುಗಳು ಸಾಗಿಸುವ ಶಾಖವು ಒಂದು ಚದರ ಮೀಟರಿನ ಇಡೀ ಫಲಕ ಸಾಗಿಸುವ ಶಾಖಕ್ಕೆ ಸಮ. ಕಿರುಬೆರಳಿನ ಗಾತ್ರದ ಆರು ಲೋಹದ ತುಂಡುಗಳು ಇಡೀ ಹೊದಿಕೆಯ ಶ್ರಮವನ್ನು ಅರ್ಧಕ್ಕಿಳಿಸುತ್ತವೆ. ತುಕ್ಕುರಹಿತ ಉಕ್ಕಿನ ಬೋಲ್ಟಾದರೆ ಈ ಸೋರಿಕೆ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬೋಲ್ಟು ಒಳಗಿನಿಂದ ಹೊರಗೆ ಹಾಯದಂತೆ ಒಳಚರ್ಮವನ್ನು ಒಳಚರ್ಮಕ್ಕೂ ಹೊರಚರ್ಮವನ್ನು ಹೊರಚರ್ಮಕ್ಕೂ ಬೇರೆಯಾಗಿ ಜೋಡಿಸಿ, ಅಂಚುಪಟ್ಟಿಗಳ ಮೇಲೆ ನೊರೆ ತುಂಬಿದ ಟೊಪ್ಪಿಗೆಯಂತಹ ಮುಚ್ಚಳವನ್ನು ಕೂರಿಸುವುದು ಇನ್ನೂ ಉತ್ತಮ. ಅಗ್ಗದ ಫಲಕಕ್ಕೂ ಒಳ್ಳೆಯ ಫಲಕಕ್ಕೂ ಇರುವ ವ್ಯತ್ಯಾಸ ನಡುಭಾಗದಲ್ಲಿ ಕಾಣುವುದಿಲ್ಲ, ಅಂಚಿನಲ್ಲಿ ಕಾಣುತ್ತದೆ. ಕೊಳ್ಳುವವರು ಮಾತ್ರ ನೊರೆಯ ದಪ್ಪವನ್ನೇ ಕೇಳುತ್ತಾರೆ.

ಅಂಚು ಇನ್ನೂ ಒಂದು ಕಾರಣಕ್ಕೆ ಮುಖ್ಯವಾದುದು. ಮಳೆಗಾಲದಲ್ಲಿ ತಣ್ಣೀರಿನ ತಂಬಿಗೆಯ ಹೊರಮೈಯಲ್ಲಿ ಹನಿಗೂಡುವುದನ್ನು ಎಲ್ಲರೂ ಕಂಡಿದ್ದಾರೆ. ಗಾಳಿಯಲ್ಲಿರುವ ನೀರಾವಿಯು ತಂಪಾದ ಮೇಲ್ಮೈಯನ್ನು ಅರಸಿ ಬರುತ್ತದೆ. ಶೀತಲ ಜಲದ ತೊಟ್ಟಿಯಲ್ಲಿ ಆ ತಂಪಾದ ಮೇಲ್ಮೈ ಇರುವುದು ನೊರೆಯ ಒಳಬದಿಯಲ್ಲಿ. ಹೊರಚರ್ಮದ ಅಂಚು ಭದ್ರವಾಗಿ ಮುಚ್ಚಿರದಿದ್ದರೆ ಆವಿಯು ಸಂದುಗಳಿಂದ ನುಸುಳಿ, ಒಳಬದಿಯನ್ನು ತಲುಪಿ ನೀರಾಗುತ್ತದೆ. ಈ ನೀರು ತೊಟ್ಟಿಯಿಂದ ಸೋರಿದ್ದಲ್ಲ, ಗಾಳಿಯಿಂದ ಬಂದದ್ದು. ಆದುದರಿಂದ ಯಾವ ಸೋರಿಕೆಯ ಪರೀಕ್ಷೆಯಲ್ಲಿಯೂ ಸಿಕ್ಕದು. ನೀರು ಶಾಖವನ್ನು ನೊರೆಗಿಂತ ಇಪ್ಪತ್ತೈದು ಪಟ್ಟು ಹೆಚ್ಚು ಸಾಗಿಸುವುದರಿಂದ ತೊಯ್ದ ಹೊದಿಕೆ ಹೊದಿಕೆಯಾಗಿ ಉಳಿಯುವುದಿಲ್ಲ. ಒಳಗೆ ಉಕ್ಕಿದ್ದರೆ ಅದು ಕಣ್ಣಿಗೆ ಬೀಳದಂತೆ ತುಕ್ಕು ಹಿಡಿಯುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ವಿದ್ಯುತ್ತಿನ ಬಿಲ್ಲು ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತದೆ. ತಣ್ಣನೆಯ ತೊಟ್ಟಿಯ ಆವಿತಡೆ ಬೆಚ್ಚಗಿನ ಬದಿಯಲ್ಲಿ, ಎಂದರೆ ಹೊರಗಡೆ, ಇರಬೇಕೆಂಬ ನಿಯಮ ಬಂದುದು ಇದರಿಂದ. ಬಾರಾಮತಿಯ ಒಣ ಬೇಸಿಗೆಯಲ್ಲಿ ಈ ದೋಷ ಮರೆಯಾಗಿದ್ದು ಜುಲೈ ತಿಂಗಳಲ್ಲಿ ತಲೆಯೆತ್ತೀತು. ಮಂಗಳೂರು, ಕಾಸರಗೋಡುಗಳಂತಹ ಕರಾವಳಿಯಲ್ಲಿ ಮೊದಲ ತಿಂಗಳಲ್ಲಿಯೇ ಕಾಣಿಸಿಕೊಂಡೀತು. ಉತ್ತಮ ಫಲಕದಲ್ಲಿ ನೊರೆಯನ್ನು ಒಳಚರ್ಮ, ಹೊರಚರ್ಮ, ನಾಲ್ಕು ಅಂಚು, ಹೀಗೆ ಆರೂ ಕಡೆ ಮುಚ್ಚಿ ಡಬ್ಬಿಯಂತೆ ಮಾಡುತ್ತಾರೆ. ಒಂದು ಫಲಕ ತೂತಾದರೂ ತೇವವು ಪಕ್ಕದ ಫಲಕಕ್ಕೆ ಹರಡದು, ಅದೊಂದನ್ನೇ ಬದಲಿಸಬಹುದು.

ಇನ್ನು ನೀರು ಹೊರಕ್ಕೆ ಸೋರದಂತೆ ತಡೆಯುವ ಪಟ್ಟಿ. ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರನ್ನು ಬಳಸುತ್ತಾರೆ. ಅದು ಬಿಸಿಲಿಗೂ ಬಿಸಿನೀರಿಗೂ ತಾಳುತ್ತದೆ, ಆದರೆ ಎಣ್ಣೆಗೆ ತಾಳದು. ಪಟ್ಟಿಯನ್ನು ಅದರ ದಪ್ಪದ ನಾಲ್ಕನೆಯ ಒಂದು ಭಾಗದಷ್ಟು ಅದುಮಿದರೆ ಸಾಕು. ಹೆಚ್ಚು ಬಿಗಿದರೆ ಹೆಚ್ಚು ಭದ್ರವೆಂಬ ನಂಬಿಕೆಯಿಂದ ಜೋಡಣೆಗಾರರು ಬೋಲ್ಟಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ತಿರುಗಿಸುವುದುಂಟು. ಅತಿಯಾಗಿ ಅದುಮಿದ ರಬ್ಬರು ತನ್ನ ಪುಟಿಯುವ ಗುಣವನ್ನು ಕಳೆದುಕೊಂಡು ಚಪ್ಪಟೆಯಾಗಿಯೇ ಉಳಿಯುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಫಲಕವನ್ನು ಅದು ಹಿಂಬಾಲಿಸಲಾರದು. ನಾಲ್ಕು ಮೀಟರು ಉದ್ದದ ತುಕ್ಕುರಹಿತ ಉಕ್ಕಿನ ತೊಟ್ಟಿಯಲ್ಲಿ ನೀರು 20ರಿಂದ 80 ಡಿಗ್ರಿಗೆ ಏರಿದಾಗ ಗೋಡೆಯು ನಾಲ್ಕು ಮಿಲಿಮೀಟರು ಉದ್ದವಾಗುತ್ತದೆ. ಸಾಧಾರಣ ಪಾಲಿಯೆಸ್ಟರ್ ರಾಳದ ಫಲಕವಂತೂ ಅಷ್ಟು ಬಿಸಿಯನ್ನು ತಾಳದು. ಅತಿ ಕಠಿಣವಾದ ತಾಣವೆಂದರೆ ನಾಲ್ಕು ಫಲಕಗಳ ಮೂಲೆಗಳು ಒಂದೆಡೆ ಕೂಡುವ ಸ್ಥಳ. ಎರಡು ಪಟ್ಟಿಗಳು ಅಡ್ಡಹಾಯುವಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ನೀರು ದಾರಿ ಕಂಡುಕೊಳ್ಳುತ್ತದೆ. ಅಲ್ಲಿಗೆ ಕೂಡುಗುರುತಿನ ಆಕಾರದಲ್ಲಿ ಒಂದೇ ತುಂಡಾಗಿ ಎರಕ ಹೊಯ್ದ ಪಟ್ಟಿಯನ್ನು ಬಳಸುವುದು ವಿವೇಕ. ಕತ್ತರಿಸಿ ಅಂಟಿಸಿದ ಪಟ್ಟಿಯಿಂದ ಉಳಿಯುವ ಹಣ ಬಹಳ ಕಡಿಮೆ.

ಕಾಕಂಬಿಯ ವಿಷಯ ಬೇರೆಯೇ. ಅದು ನೀರಿಗಿಂತ ಸುಮಾರು 1.4 ಪಟ್ಟು ಭಾರ. ಮೂರು ಮೀಟರು ಆಳದ ಕಾಕಂಬಿಯು ನಾಲ್ಕು ಮೀಟರಿಗಿಂತ ಹೆಚ್ಚು ಆಳದ ನೀರಿನಷ್ಟು ಒತ್ತುತ್ತದೆ. ನೀರಿಗೆಂದು ಮಾಡಿದ ತೊಟ್ಟಿಯನ್ನು ಖಾಲಿ ಬಿದ್ದಿದೆಯೆಂದು ಕಾಕಂಬಿಗೆ ಬಳಸಿದರೆ ಕೆಳಸಾಲಿನ ಫಲಕದ ಮೇಲೆ ಎರಡೂವರೆ ಟನ್ನಿನ ಬದಲು ಮೂರೂವರೆ ಟನ್ ಬೀಳುತ್ತದೆ. ಅಮೆರಿಕದ ಬಾಸ್ಟನ್ ನಗರದಲ್ಲಿ 1919ರ ಜನವರಿ 15ರಂದು ನಡೆದ ದುರಂತ ಈ ಸಂದರ್ಭದಲ್ಲಿ ಸ್ಮರಣೀಯ. ಐವತ್ತು ಅಡಿ ಎತ್ತರ, ತೊಂಬತ್ತು ಅಡಿ ವ್ಯಾಸದ ಉಕ್ಕಿನ ತೊಟ್ಟಿಯೊಂದು ಸಿಡಿದು, ಸುಮಾರು 87 ಲಕ್ಷ ಲೀಟರು ಕಾಕಂಬಿ ಬೀದಿಗೆ ನುಗ್ಗಿ 21 ಜನ ಮಡಿದರು. ಆ ತೊಟ್ಟಿಯ ತಗಡು ಬೇಕಾದುದಕ್ಕಿಂತ ತೆಳುವಾಗಿತ್ತು. ಬಳಕೆಗೆ ಮುನ್ನ ಅದನ್ನು ಪೂರ್ತಿ ತುಂಬಿಸಿ ಪರೀಕ್ಷಿಸುವ ಬದಲು ತಳದಲ್ಲಿ ಆರು ಅಂಗುಲ ನೀರು ನಿಲ್ಲಿಸಿ ನೋಡಿದ್ದರು. ಜೋಡಣೆಗಳಿಂದ ಕಾಕಂಬಿ ಜಿನುಗುತ್ತಿದ್ದುದನ್ನು ನೆರೆಯವರೆಲ್ಲ ಬಲ್ಲವರಾಗಿದ್ದರು. ದುರಸ್ತಿಯ ಬದಲು ತೊಟ್ಟಿಗೆ ಕಂದು ಬಣ್ಣ ಬಳಿಯಲಾಯಿತು. ಅಲ್ಲದೆ ಕಾಕಂಬಿಗೆ ಉಷ್ಣನಿರೋಧವು ಹಿತವೂ ಅಲ್ಲ. ಅದು ತನ್ನೊಳಗೇ ನಿಧಾನವಾಗಿ ಶಾಖವನ್ನು ಹುಟ್ಟಿಸುವ ದ್ರವ. ಆ ಶಾಖ ಹೊರಹೋಗದಂತೆ ಹೊದಿಸಿದರೆ ನೊರೆಯೆದ್ದು ಕೆಡುವ ಸಂಭವವಿದೆ. ಅದಕ್ಕೆ ಬೇಕಾದುದು ಬಿಸಿಲಿನ ಮರೆ ಮತ್ತು ತಣಿಸುವ ಏರ್ಪಾಡು.

ಭದ್ರವಾಗಿ ಮುಚ್ಚಿದ ತೊಟ್ಟಿ ಎಂದಾಕ್ಷಣ ಉಸಿರಾಡಲು ದಾರಿಯೇ ಇರದ ತೊಟ್ಟಿಯೆಂದು ತಿಳಿಯಬಾರದು. ಪಂಪು ನೀರನ್ನು ಹೊರಗೆಳೆದಷ್ಟೂ ಗಾಳಿ ಒಳಬರಬೇಕು. ಬಾರದಿದ್ದರೆ ಒಳಗಿನ ಒತ್ತಡ ಇಳಿಯುತ್ತದೆ. ಅದು ಹೊರಗಿನ ವಾಯುಭಾರಕ್ಕಿಂತ ಇಪ್ಪತ್ತನೆಯ ಒಂದು ಭಾಗ ಕಡಿಮೆಯಾದರೂ ಐದು ಚದರ ಮೀಟರಿನ ಮೇಲ್ಛಾವಣಿಯ ಮೇಲೆ ಎರಡೂವರೆ ಟನ್ ಹೇರಿದಂತಾಗುತ್ತದೆ. ಹೊರಕ್ಕೆ ತಳ್ಳುವ ಬಲವನ್ನು ತಾಳಲೆಂದು ಮಾಡಿದ ಫಲಕ ಒಳಕ್ಕೆ ಸೆಳೆಯುವ ಬಲಕ್ಕೆ ಕುಸಿಯಬಹುದು. ಆದುದರಿಂದ ಸೊಳ್ಳೆ ನುಸುಳದ ಸಣ್ಣ ಜಾಲರಿಯುಳ್ಳ ಗಾಳಿಗಂಡಿ ಅತ್ಯಗತ್ಯ. ತುಂಬಿ ಹರಿಯುವ ಕೊಳವೆಯ ಬಾಯಿಗೂ ಜಾಲರಿ ಬೇಕು. ಡೆಂಗಿ ಜ್ವರವನ್ನು ಹರಡುವ ಸೊಳ್ಳೆ ಚರಂಡಿಯಲ್ಲಲ್ಲ, ಇಂತಹ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಕುಡಿಯುವ ನೀರಿನ ತೊಟ್ಟಿಗೆ ಉಷ್ಣನಿರೋಧವು ಸುಖದ ಮಾತಷ್ಟೇ ಅಲ್ಲವೆಂಬುದೂ ಇಲ್ಲಿ ಹೇಳತಕ್ಕದ್ದು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹಲವರ ಸಾವಿಗೆ ಕಾರಣವಾಗಿ ಪತ್ತೆಯಾದ ಲೀಜಿಯೊನೆಲ್ಲಾ ಎಂಬ ಸೂಕ್ಷ್ಮಜೀವಿ 20ರಿಂದ 45 ಡಿಗ್ರಿಗಳ ನಡುವೆ ನಿಂತ ನೀರಿನಲ್ಲಿ ಬೆಳೆಯುತ್ತದೆ. ದಖನ್ನಿನ ಬೇಸಿಗೆಯಲ್ಲಿ ಮಹಡಿಯ ಮೇಲಿನ ಹೊದಿಕೆಯಿಲ್ಲದ ತೊಟ್ಟಿಯ ನೀರು ಹಗಲೆಲ್ಲ ಈ ಮಿತಿಯೊಳಗೇ ಇರುತ್ತದೆ. ಹೊದಿಕೆಯು ಏರಿಳಿತವನ್ನು ತಗ್ಗಿಸಬಲ್ಲದೇ ಹೊರತು ದಿನಗಟ್ಟಲೆ ನಿಂತ ನೀರನ್ನು ಶುದ್ಧವಾಗಿಡಲಾರದು. ಬೇಕಾದುದಕ್ಕಿಂತ ಬಹಳ ದೊಡ್ಡ ತೊಟ್ಟಿ ಕಟ್ಟಿಸುವ ಹಂಬಲವನ್ನು ಬಿಡುವುದೂ ಒಂದು ಆರೋಗ್ಯಕ್ರಮವೇ.

ಬರಗಾಲದಲ್ಲಿ ಜೋಡಣಾ ತೊಟ್ಟಿಗಳ ಉಪಯೋಗ ಬೇರೊಂದು ಬಗೆಯದು. 2016ರ ಏಪ್ರಿಲ್ ತಿಂಗಳಿನಲ್ಲಿ ಮಿರಜ್‌ನಿಂದ ಲಾತೂರಿಗೆ ರೈಲಿನ ಮೂಲಕ ನೀರನ್ನು ಸಾಗಿಸಲಾಯಿತು. ಮೊದಲ ರೈಲಿನ ಹತ್ತು ವ್ಯಾಗನ್ನುಗಳಲ್ಲಿ ಸುಮಾರು ಐದು ಲಕ್ಷ ಲೀಟರು ನೀರಿತ್ತು. ಅಂತಹ ಸಂದರ್ಭದಲ್ಲಿ ನೀರನ್ನು ತರುವುದರಷ್ಟೇ ಇಳಿಸಿ ಇಡುವುದೂ ಸಮಸ್ಯೆ. ಒಂದು ಊರಿನಲ್ಲಿ ಮಳೆ ಬಂದೊಡನೆ ಬಿಚ್ಚಿ ಮತ್ತೊಂದು ಊರಿಗೆ ಒಯ್ಯಬಹುದಾದ ತೊಟ್ಟಿಗಳು ತಾಲ್ಲೂಕು ಮಟ್ಟದಲ್ಲಿ ಸಂಗ್ರಹವಿರುವುದು ಅಪೇಕ್ಷಣೀಯ. ಬಿಚ್ಚಿ ಜೋಡಿಸುವ ಪ್ರತಿ ಬಾರಿಯೂ ರಬ್ಬರು ಪಟ್ಟಿಗಳನ್ನು ಹೊಸದಾಗಿ ಹಾಕಬೇಕೆಂಬುದನ್ನು ಮಾತ್ರ ಅಂದಾಜು ಪಟ್ಟಿಯಲ್ಲಿ ಮೊದಲೇ ಸೇರಿಸಬೇಕು.

ತೊಟ್ಟಿಯನ್ನು ನೆಲದ ಮೇಲೆ ನೇರವಾಗಿ ಕೂರಿಸದೆ ಸಾಲಾಗಿ ಕಟ್ಟಿದ ಕಿರುಗೋಡೆಗಳ ಮೇಲೆ, ಒಬ್ಬನು ಬಾಗಿ ಕೆಳಗೆ ನೋಡಬಹುದಾದಷ್ಟು ಎತ್ತರದಲ್ಲಿ ಕೂರಿಸಬೇಕು. ಕಿರುಗೋಡೆಗಳ ತಲೆ ಒಂದೇ ಮಟ್ಟದಲ್ಲಿರಬೇಕು. ಬಾರಾಮತಿಯ ಕಾಲುವೆ ಸೀಮೆಯಲ್ಲೂ ನಮ್ಮ ಉತ್ತರದ ಜಿಲ್ಲೆಗಳಲ್ಲೂ ಇರುವ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ತಳಪಾಯವನ್ನು ಗಟ್ಟಿ ನೆಲದವರೆಗೆ ಇಳಿಸುವುದು ಅವಶ್ಯಕ. ಜೋಡಣೆ ಮುಗಿದ ಮೇಲೆ ತೊಟ್ಟಿಯನ್ನು ಅಂಚಿನವರೆಗೂ ತುಂಬಿಸಿ ಒಂದು ಹಗಲು ಒಂದು ರಾತ್ರಿಯಾದರೂ ಬಿಡಬೇಕು. ಹೊರಗಿನ ಜೋಡಣೆಗಳಿಗೆ ತೆಳುವಾಗಿ ಸುಣ್ಣ ಬಳಿದು ಒಣಗಿಸಿದ್ದರೆ ಜಿನುಗಿದ ಕಡೆ ಕಪ್ಪು ಗೆರೆ ಎದ್ದು ಕಾಣುತ್ತದೆ. ಪರೀಕ್ಷೆ ಮುಗಿಯುವವರೆಗೆ ಅಂಚಿನ ನೊರೆಯ ಮುಚ್ಚಳಗಳನ್ನು ಕೂರಿಸಕೂಡದು. ಮೊದಲ ಬೇಸಿಗೆ ಕಳೆದ ನಂತರ ಬೋಲ್ಟುಗಳನ್ನು ನಡುವಿನಿಂದ ಮೂಲೆಗಳ ಕಡೆಗೆ ಸರದಿಯಂತೆ ಇನ್ನೊಮ್ಮೆ ಬಿಗಿದು ನೋಡತಕ್ಕದ್ದು.